ನಕಾಶೆಯ ಬಣ್ಣವೂ ಗಡಿಯ ಅಂಕಿಯೂ

ಕರ್ನಾಟಕದ ಜಿಲ್ಲೆಗಳಿಗೆ ಸಾಕ್ಷರತೆಯ ಪ್ರಮಾಣದಂತೆ ಬಣ್ಣ ಕೊಟ್ಟ ನಕಾಶೆಯನ್ನು ಶಾಲೆಯ ಗೋಡೆಗೆ ತೂಗಹಾಕುವದು ಒಳ್ಳೆಯ ವಾಡಿಕೆ. ಆದರೆ ನೋಡುವವರ ಕಣ್ಣು ಬಣ್ಣದ ಮೇಲೆ ನಿಲ್ಲುವದೇ ಹೊರತು ಮೂಲೆಯಲ್ಲಿರುವ ಬಣ್ಣಸೂಚಿಯ ಮೇಲೆ ನಿಲ್ಲುವದಿಲ್ಲ. ಅನ್ಯಾಯವು ಅಡಗಿರುವದು ಆ ಮೂಲೆಯಲ್ಲಿಯೇ!

2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 59.56. ಸೂಚಿಯಲ್ಲಿ '50–60, 60–70' ಎಂದು ಬರೆದವರು 60 ಎಂಬ ಒಂದೇ ಅಂಕಿಯನ್ನು ಎರಡು ಮನೆಗಳಿಗೆ ಹಂಚಿದಂತಾಯಿತು. ಇದನ್ನು ತಪ್ಪಿಸಲೆಂದು '50–59, 60–69' ಎಂದು ಬರೆದರೆ ರಾಯಚೂರಿಗೆ ಮನೆಯೇ ಇಲ್ಲದಾಗುವದು. ದಶಾಂಶವನ್ನು ಬಿಟ್ಟು 60 ಎಂದೆಣಿಸಿದರಂತೂ ಅದು 61.43ರ ಚಾಮರಾಜನಗರದ ಸಾಲಿಗೇರುವದು. ಇದ್ದಂತೆಯೇ ಇಟ್ಟರೆ 51.83ರ ಯಾದಗಿರಿಯ ಬಣ್ಣವನ್ನೇ ಹೊರುವದು. ಒಂದು ಶಾಲೆಯೂ ಹೆಚ್ಚಲಿಲ್ಲ, ಒಬ್ಬ ಮಾಸ್ತರನೂ ಬರಲಿಲ್ಲ. ಜಿಲ್ಲೆ ಮಾತ್ರ ಮುಂದುವರಿಯಿತು! ಎಂಟಕ್ಕೆ ಸಮೀಪದ ಅಂತರವನ್ನು ಒಂದೇ ಬಣ್ಣವು ಮುಚ್ಚುವದು, ಎರಡಕ್ಕಿಂತ ಕಡಿಮೆಯ ಅಂತರವನ್ನು ಎರಡು ಬಣ್ಣಗಳು ಕಂದಕವಾಗಿ ತೋರಿಸುವವು.

ಇದು ಚಿತ್ರಕಾರನ ಕ್ಷುಲ್ಲಕ ಚರ್ಚೆಯೆಂದು ಕೆಲವರು ನಗಬಹುದು. 2002ರಲ್ಲಿ ವರದಿ ಸಲ್ಲಿಸಿದ ಡಾ. ನಂಜುಂಡಪ್ಪ ಸಮಿತಿಯು 175 ತಾಲೂಕುಗಳನ್ನು ಸೂಚ್ಯಂಕದಿಂದ ಅಳೆದು, 1ಕ್ಕಿಂತ ಕಡಿಮೆಯಾದ 114ನ್ನು ಹಿಂದುಳಿದವೆಂದು ಸಾರಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ ವರ್ಗದ ಮೇಲಂಚು 0.79, ಮುಂದಿನದು 0.80ರಿಂದ ಮೊದಲಾಗುವದು. ಇಲ್ಲಿ ಬಿರುಕು ಕಂಡರೂ ದೋಷವಲ್ಲ. ಸೂಚ್ಯಂಕವೇ ಎರಡು ದಶಾಂಶಗಳಿಗೆ ನಿಂತಿದೆ. ಅಳತೆಯಂತೆ ಸೂಚಿ ಇರಬೇಕೆಂಬುದಕ್ಕೆ ಇದೇ ನಿದರ್ಶನ. ಆ ನೂರರಲ್ಲೊಂದು ಪಾಲಿನ ಆಚೆಗೋ ಈಚೆಗೋ ಎಂಬುದರ ಮೇಲೆ ತಾಲೂಕಿನ ಹೆಸರು ಯಾವ ಪಟ್ಟಿಯಲ್ಲಿ ಬರಬೇಕೆಂಬುದು ನಿಂತಿದೆ.

1956ರ ನವೆಂಬರ 1ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾಯಿತು. ನಕಾಶೆಗೆ ಒಂದೇ ಎಲ್ಲೆ ಬಂದಿತು. ಆ ಎಲ್ಲೆಯೊಳಗೆ ಹಳೆಯ ಹೈದರಾಬಾದ ಸೀಮೆಯ ಬಣ್ಣ ಬೇರೆಯಾಗಿಯೇ ಉಳಿದಿದ್ದರೆ, ಅದನ್ನು ಸರಿಯಾಗಿ ಕಾಣಿಸುವದು ಏಕೀಕರಣವಾದಿಗಳ ಕರ್ತವ್ಯವಲ್ಲವೇ? ಆದುದರಿಂದ ಶಾಲಾಮಾಸ್ತರರಲ್ಲಿ ನಮ್ಮ ಬಿನ್ನಹವಿಷ್ಟು: ಸೂಚಿಯಲ್ಲಿ '50 ಮತ್ತು ಅದಕ್ಕೆ ಮೇಲೆ, 60ಕ್ಕೆ ಕಡಿಮೆ' ಎಂದು ಬಿಡಿಸಿ ಬರೆಯಿರಿ. ಜಿಲ್ಲೆಯ ಒಡಲಲ್ಲಿ ಅದರ ಅಂಕಿಯನ್ನು ದಶಾಂಶಸಹಿತ ನಮೂದಿಸಿರಿ. ಅಂಕಿ ದೊರೆಯದ ಕಡೆಗೆ ಬೂದುಬಣ್ಣ ಹಚ್ಚಿರಿ. ಬಿಳಿ ಬಿಟ್ಟರೆ ಹುಡುಗರು ಅದನ್ನು ಸೊನ್ನೆಯೆಂದೇ ಓದುವರು.