ಯಂತ್ರಕ್ಕೆ ‘ನಾಳೆ’ ಇಲ್ಲ, ನಮಗೆ?

ಕೃತಕ ಬುದ್ಧಿಮತ್ತೆಯ ಸಹಾಯಕರು ಇಂದು ರೋಣ, ನರಗುಂದ, ಗಜೇಂದ್ರಗಡಗಳ ಮೊಬೈಲುಗಳಲ್ಲೂ ಮನೆಮಾಡಿದ್ದಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಲೋಕಕ್ಕೆ ಪರಿಚಯವಾಯಿತು. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಪಿ.ಎಂ. ಕಿಸಾನ್ ಯೋಜನೆಯ ರೈತರ ಪ್ರಶ್ನೆಗಳಿಗೆ ಉತ್ತರಿಸಲು ‘ಕಿಸಾನ್ ಇ-ಮಿತ್ರ’ನನ್ನು ತಂದಿತು. ಈ ಸಹಾಯಕರಿಗೆ ಹಗಲಿರುಳಿನ ಭೇದವಿಲ್ಲ, ಊಟದ ವಿರಾಮವಿಲ್ಲ. ಕೆಲವು ಕಚೇರಿಗಳ ಗುಮಾಸ್ತರಂತೆ ‘ನಾಳೆ ಬಾ’ ಎನ್ನುವ ಕಲೆಯಂತೂ ಅವರಿಗೆ ತಿಳಿಯದು.

‘ನಾಳೆ ಬಾ’ ಎಂಬುದರ ಮಹಿಮೆ ಕನ್ನಡಿಗರಿಗೆ ಹೊಸದಲ್ಲ. 1990ರ ದಶಕದಲ್ಲಿ, ರಾತ್ರಿ ಬಾಗಿಲು ಬಡಿಯುವ ದೆವ್ವವನ್ನು ಹಿಂದಿರುಗಿಸಲೆಂದು ನಾಡಿನ ಅನೇಕ ಊರುಗಳಲ್ಲಿ ಬಾಗಿಲ ಮೇಲೆ ಈ ಮಾತನ್ನು ಬರೆದಿದ್ದರು. ಕಾಲಕ್ರಮದಲ್ಲಿ ದೆವ್ವದ ಸುದ್ದಿ ಅಡಗಿತು. ಬರಹ ಮಾತ್ರ ಬಾಗಿಲಿನಿಂದ ನಮ್ಮ ಮನಸ್ಸಿಗೆ ವರ್ಗವಾಯಿತು. ಈಗ ಅದನ್ನೋದಿ ಹಿಂದಿರುಗುತ್ತಿರುವುದು ದೆವ್ವವಲ್ಲ, ನಮ್ಮ ಕರ್ತವ್ಯ.

ಚುರುಕಾದ ಸಹಾಯಕ ಬಂದಮೇಲೆ ಈ ರೋಗ ವಾಸಿಯಾಗಬೇಕಿತ್ತು. ಆದರೆ ಆಗಿರುವುದೇನು? ವಿದ್ಯಾರ್ಥಿಯು ಪರೀಕ್ಷೆಗೆ ವೇಳಾಪಟ್ಟಿ ಕೇಳುತ್ತಾನೆ, ಅರೆಕ್ಷಣದಲ್ಲಿ ಬರುತ್ತದೆ. ಬೆಳಗಿನ ಐದು ಗಂಟೆ ಕಷ್ಟವೆನಿಸಿ ಆರಕ್ಕೆ ತಿದ್ದಿಸುತ್ತಾನೆ, ಆರನ್ನು ಏಳಕ್ಕೆ ಏರಿಸುತ್ತಾನೆ. ಪಟ್ಟಿ ಪರಿಪೂರ್ಣವಾಗುವಷ್ಟರಲ್ಲಿ ಸಂಜೆಯಾಗಿರುತ್ತದೆ, ಓದು ಸೋಮವಾರದಿಂದ! ಅಣ್ಣನೊಡನೆ ಮಾತುಬಿಟ್ಟ ತಮ್ಮನು ಕ್ಷಮೆ ಕೋರುವ ಪತ್ರ ಬರೆಸುತ್ತಾನೆ. ಪತ್ರ ಬಲು ಸೊಗಸಾಗಿದೆ. ಇನ್ನೂ ಮೊಬೈಲಿನಲ್ಲಿಯೇ ಇದೆ. ಹಿಂದೆ ಆಲಸ್ಯಕ್ಕೆ ಹಾಸಿಗೆ ಬೇಕಾಗಿತ್ತು. ಇಂದು ಅದು ದುಡಿಮೆಯ ವೇಷ ತೊಟ್ಟು ಕುಳಿತಿದೆ.

ಕಾರಣ ಸ್ಪಷ್ಟ. ಒಳಿತನ್ನು ಅರಿತೂ ಮಾಡದಿರುವ ದೌರ್ಬಲ್ಯವನ್ನು ಅರಿಸ್ಟಾಟಲನು ಅಂದೇ ವಿವೇಚಿಸಿದ್ದಾನೆ. ಯಂತ್ರ ನೀಡುವುದು ತಿಳಿವಳಿಕೆ. ನಮ್ಮಲ್ಲಿ ಕೊರತೆಯಿರುವುದು ಸಂಕಲ್ಪ. ಮಹಾವಿದ್ವಾಂಸರಾದ ಸಂತ ಅಗಸ್ಟೀನರೇ ಮನಪರಿವರ್ತನೆಯನ್ನು ನಾಳೆ ನಾಳೆಯೆಂದು ದೂಡುತ್ತಿದ್ದುದನ್ನು ತಮ್ಮ ಆತ್ಮಕಥನದಲ್ಲಿ ನಿವೇದಿಸಿಕೊಂಡಿದ್ದಾರೆ. ವ್ಯಕ್ತಿಗಿರುವ ಈ ರೋಗ ವ್ಯವಸ್ಥೆಗೂ ಉಂಟು. ಕಳಸಾ-ಬಂಡೂರಿ ನೀರಿಗಾಗಿ ನರಗುಂದದ ರೈತರು 2015ರಲ್ಲಿ ದೀರ್ಘ ಧರಣಿಗೆ ಕುಳಿತರು. ಮಹದಾಯಿ ನ್ಯಾಯಮಂಡಳಿಯ ತೀರ್ಪು 2018ರಲ್ಲಿ ಬಂದಿತು, ಅಧಿಸೂಚನೆ 2020ರಲ್ಲಿ. ನೀರಿಗೆ ಬರವಿತ್ತೇ ಹೊರತು ಕಡತಗಳಿಗೆ ಎಂದೂ ಬರವಿರಲಿಲ್ಲ.

ನಮ್ಮ ಎರೆಭೂಮಿಯ ಒಕ್ಕಲಿಗನಿಗೆ ಇದನ್ನು ಬೋಧಿಸಬೇಕಿಲ್ಲ. ಮುಂಗಾರಿನ ಹದ ತಪ್ಪಿದ ಮೇಲೆ ಬಿತ್ತಿದ ಹೆಸರು ಎಷ್ಟು ಕೈಗೆ ಬಂದೀತು? ಸಂಬಂಧಗಳಿಗೂ ಅಂಥ ಹದವುಂಟು. ಹಳ್ಳಿಯಲ್ಲಿ ಒಂಟಿಯಾಗಿರುವ ತಾಯಿಯನ್ನು ಮುಂದಿನ ಹಬ್ಬಕ್ಕೆ ಕಂಡರಾಯಿತೆಂದು ಮಕ್ಕಳು ಎಣಿಸುತ್ತಾರೆ. ಹಬ್ಬ ಬರುತ್ತದೆ, ತಾಯಿ ಇರಲೇಬೇಕೆಂಬ ನಿಯಮವಿಲ್ಲ.

ಯಂತ್ರವು ಲೆಕ್ಕಾಚಾರದಿಂದ ಆಯ್ಕೆ ಮಾಡಬಲ್ಲುದು, ಹೃದಯದಲ್ಲಿ ನಿರ್ಧರಿಸಬಲ್ಲವನು ಮನುಷ್ಯನೇ ಎಂಬ ಆಶಯವನ್ನು ದಿವಂಗತ ಜಗದ್ಗುರು ಫ್ರಾನ್ಸಿಸರು 2024ರ ಜೂನ್‌ನಲ್ಲಿ ಇಟಲಿಯ ಜಿ-7 ಶೃಂಗಸಭೆಯಲ್ಲಿ ವ್ಯಕ್ತಪಡಿಸಿದರು. ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಭು ಹೇಳಿದ ಇಬ್ಬರು ಮಕ್ಕಳ ಸಾಮತಿಯನ್ನು ಇಲ್ಲಿ ಧ್ಯಾನಿಸಬಹುದು. ಒಬ್ಬನು ಒಲ್ಲೆನೆಂದರೂ ಆಮೇಲೆ ಪಶ್ಚಾತ್ತಾಪಪಟ್ಟು ತೋಟಕ್ಕೆ ಹೋದನು. ಇನ್ನೊಬ್ಬನು ಹೋಗುತ್ತೇನೆಂದು ವಿನಯದಿಂದ ನುಡಿದು ಹೋಗಲಿಲ್ಲ. ನಮ್ಮ ಸಹಾಯಕನೂ ಪ್ರತಿಯೊಂದು ಕೋರಿಕೆಗೆ ‘ಖಂಡಿತ’ ಎನ್ನುತ್ತಾನೆ, ತೋಟಕ್ಕೆ ಮಾತ್ರ ಹೋಗುವುದಿಲ್ಲ. ಅವನನ್ನು ಮನ್ನಿಸೋಣ, ಅವನಿಗೆ ಕಾಲುಗಳಿಲ್ಲ.

ನಮಗಿವೆ. ಬಹುಕಾಲದಿಂದ ಮುಂದೂಡಿದ ಪಾಪನಿವೇದನೆ, ನಿಂತುಹೋದ ಕುಟುಂಬ ಪ್ರಾರ್ಥನೆ, ಅಣ್ಣನ ಮನೆಯ ಹೊಸ್ತಿಲು – ಇವಕ್ಕೆ ಯಾವ ವೇಳಾಪಟ್ಟಿಯೂ ಬೇಕಿಲ್ಲ. ಮನದ ಬಾಗಿಲ ಮೇಲಿನ ಆ ಬರಹವನ್ನು ಅಳಿಸಿದರೆ ಸಾಕು. ಅದನ್ನೂ ನಾಳೆ ಅಳಿಸೋಣವೆನ್ನದಿರೋಣ.