ದಾರಿಗೆ ಜೊತೆಯಾದ ಜೀವ

ಲಾರಿ ಓಡಿಸುವವರ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: “ಅವರು ಮನೆಗೆ ಬಂದರೂ ಮನೆಯಲ್ಲಿ ಇರುವುದಿಲ್ಲ.” ದೇಹ ಮಂಚದ ಮೇಲೆ, ಮನಸ್ಸು ಹೆದ್ದಾರಿಯ ಮೇಲೆ. ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಬರುವ ಅಪ್ಪ ಎರಡು ದಿನ ನಿದ್ರೆ ಮಾಡಿ, ಮೂರನೆಯ ದಿನ ಮತ್ತೆ ಚಾವಿ ಹಿಡಿದು ಹೊರಡುತ್ತಾನೆ. ಆ ಅಪ್ಪನ ಪಕ್ಕದ ಸೀಟಿನಲ್ಲಿ ಕುಳಿತು ಊರೂರು ಸುತ್ತುವ ಒಂದು ಮೂಕ ಜೀವದ ಬಗ್ಗೆ ಈ ತಿಂಗಳು ನಾಲ್ಕು ಮಾತು ಬರೆಯುತ್ತಿದ್ದೇನೆ. “ನಾಯಿ ಬೆಕ್ಕಿನ ವಿಷಯ ಬರೆಯಲು ಗುರುಗಳಿಗೆ ಬೇರೆ ಕೆಲಸವಿಲ್ಲವೇ?” ಎಂದು ನಗಬೇಡಿ. ಓದುತ್ತಾ ಹೋದಂತೆ ಇದು ನಮ್ಮ ಕುಟುಂಬಗಳ ವಿಷಯವೇ ಎಂದು ತಿಳಿಯುತ್ತದೆ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ನಮ್ಮ ವಿಜಯಪುರಕ್ಕೆ ಅಂಟಿಕೊಂಡ ಸೀಮೆ. ಸನಮಡಿ, ಮಾಡಗ್ಯಾಳದಂತಹ ಹಳ್ಳಿಗಳಿರುವ ಈ ಕಡೆ ಕಚೇರಿಯ ಕಾಗದ ಮರಾಠಿಯಲ್ಲಿದ್ದರೂ ಕನ್ನಡದ ಮನೆಮಾತಿಗೆ ಕೊರತೆಯಿಲ್ಲ. ಮಳೆ ಕಡಿಮೆ, ಬರ ಹೆಚ್ಚು. ನೆಲ ಕೈಕೊಟ್ಟಾಗ ಜನ ದಾರಿ ಹಿಡಿಯುತ್ತಾರೆ. ಕೆಲವರು ಕಬ್ಬು ಕಡಿಯಲು, ಕೆಲವರು ಕುರಿ ಹಿಂದೆ, ಇನ್ನು ಕೆಲವರು ದ್ರಾಕ್ಷಿ, ದಾಳಿಂಬೆ ಹೇರಿಕೊಂಡ ಲಾರಿಯ ಸ್ಟೇರಿಂಗ್ ಹಿಂದೆ.

ಇವರಲ್ಲಿ ಮೊದಲಿನ ಇಬ್ಬರು ಎಂದೂ ಒಂಟಿಯಾಗಿ ದಾರಿ ಹಿಡಿದವರಲ್ಲ. ದಸರೆ, ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯುವವರ ಚಕ್ಕಡಿಗಳು ಸಕ್ಕರೆ ಕಾರ್ಖಾನೆಗಳತ್ತ ಹೊರಡುತ್ತವೆ. ಚಕ್ಕಡಿಯಲ್ಲಿ ಹಾಸಿಗೆ, ಪಾತ್ರೆ, ಜೋಳದ ಚೀಲ, ಅದರ ಮೇಲೆ ಮಕ್ಕಳು. ನೊಗಕ್ಕೆ ಕಟ್ಟಿದ ಎತ್ತು ಬರೀ ಎಳೆಯುವ ಯಂತ್ರವಲ್ಲ, ಮನೆಯ ಸದಸ್ಯ. ಯುಗಾದಿಯ ಹೊತ್ತಿಗೆ ಹಂಗಾಮು ಮುಗಿಯುವವರೆಗೆ ಅದು ಗುಡಿಸಲಿನ ಬಾಗಿಲಲ್ಲೇ ಮಲಗುತ್ತದೆ. ಅದಕ್ಕೆ ಜ್ವರ ಬಂದರೆ ಇಡೀ ಸಂಸಾರಕ್ಕೆ ಜ್ವರ ಬಂದಂತೆ.

ಕುರಿಗಾರರದೂ ಅಷ್ಟೇ. ಮಾಡಗ್ಯಾಳದ ಎತ್ತರದ, ಉದ್ದ ಕತ್ತಿನ ಕುರಿಗಳು ಈ ಭಾಗದಲ್ಲಿ ಹೆಸರುವಾಸಿ. ಮೇವು ಹುಡುಕಿ ಹೊರಟ ಕುರಿಗಾರ ರಾತ್ರಿ ಯಾರದೋ ಹೊಲದಲ್ಲಿ ಕುರಿ ತರುಬಿ, ತಾನು ಕಂಬಳಿ ಹೊದ್ದು ಒರಗಿದಾಗ ಎಚ್ಚರವಾಗಿರುವುದು ಅವನ ನಾಯಿ. ನಮ್ಮ ಸೀಮೆಯ ತೆಳ್ಳನೆಯ, ಉದ್ದ ಕಾಲಿನ ಬೇಟೆನಾಯಿಗೆ ಹಳ್ಳಿಗರು ‘ಕಾರವಾನಿ’ ಎನ್ನುತ್ತಾರೆ. ಕಾರವಾನ್ ಎಂದರೆ ಸರಕು ಹೇರಿಕೊಂಡು ಸಾಲಾಗಿ ಸಾಗುವ ಪ್ರಯಾಣಿಕರ ತಂಡ. ಹೆಸರಿನಲ್ಲೇ ದಾರಿ ಇದೆ! ಮುಧೋಳದ ಸಂಸ್ಥಾನಿಕರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದ್ದರಿಂದ ಅದು ‘ಮುಧೋಳ ನಾಯಿ’ ಎಂದೂ ಪ್ರಸಿದ್ಧವಾಯಿತು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೇ ಹೊರತಂದಿತು.

ಲಾರಿ ಬರುವುದಕ್ಕೆ ಮುಂಚೆ ದಖ್ಖನಿನ ಸರಕು ಸಾಗಿಸುತ್ತಿದ್ದವರು ಲಂಬಾಣಿಗರು. ಸಾವಿರಾರು ಎತ್ತುಗಳ ಬೆನ್ನಿಗೆ ಉಪ್ಪು, ಧಾನ್ಯ ಹೇರಿಕೊಂಡು ಸಂಸಾರ ಸಮೇತ ಹೊರಡುತ್ತಿದ್ದರು. ಹೀಗೆ ದೂರದ ದಾರಿಯಲ್ಲಿ ಮನುಷ್ಯನೊಡನೆ ಪ್ರಾಣಿಯೂ ಇರುವುದು ನಮಗೆ ಹೊಸದೇನಲ್ಲ. ಹೊಸದು ಯಾವುದೆಂದರೆ, ಒಂಟಿಯಾಗಿ ಹೋಗುವುದು.

ಮೊದಲು ಲಾರಿ ಎಂದರೆ ಇಬ್ಬರು ಇರಲೇಬೇಕಿತ್ತು. ಚಾಲಕನ ಜೊತೆ ಇನ್ನೊಬ್ಬ ಚಾಲಕ, ಇಲ್ಲವೇ ಕ್ಲೀನರ್ ಹುಡುಗ. ನ್ಯಾಷನಲ್ ಪರ್ಮಿಟ್ ಇರುವ ಗಾಡಿಗೆ ಇಬ್ಬರು ಚಾಲಕರಿರಬೇಕೆಂಬ ನಿಯಮವೇ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ಅದನ್ನು ಕೈಬಿಟ್ಟಿತು. ಡೀಸೆಲ್, ಟೋಲ್, ಬ್ಯಾಂಕಿನ ಕಂತು ಎಲ್ಲವನ್ನೂ ಲೆಕ್ಕ ಹಾಕುವ ಮಾಲೀಕರಿಗೂ ಎರಡನೆಯ ಸಂಬಳ ಭಾರವಾಗಿ ಕಾಣುತ್ತದೆ. ಹೀಗಾಗಿ ಅನೇಕ ಗಾಡಿಗಳಲ್ಲಿ ಪಕ್ಕದ ಸೀಟು ಖಾಲಿಯಾಗಿದೆ.

ಈ ಸೀಮೆಯ ಚಾಲಕರೊಬ್ಬರು ನನಗೆ ಹೇಳಿದ್ದು ಹೀಗೆ: “ಮೊದಲ ಕ್ಲೀನರ್ ಇರ್ತಿದ್ದ ಫಾದರ್. ನಿದ್ದಿ ಬರಾಕತ್ತೈತೇನ, ಚಾ ಕುಡಿಯೂಣೇನ ಅಂತ ಕೇಳಾಂವ ಒಬ್ಬಾಂವ ಇರ್ತಿದ್ದ. ಈಗ ಯಾರ ಕೇಳಬೇಕ್ರಿ? ಅದಕ್ಕ ಈ ನಾಯಿಮರಿ ಹತ್ತಿಸಿಕೊಂಡೆ. ಅದಕ್ಕ ಹಸಿವಾದ್ರ ನಾನೂ ಉಣ್ತೀನಿ, ಅದು ಇಳೀಬೇಕಂದ್ರ ನಾನೂ ಇಳೀತೀನಿ.” ಢಾಬಾದ ಹಿಂದೆ ಸಿಕ್ಕ ಬೀದಿನಾಯಿಯ ಮರಿ ಅದು. ಈಗ ಅವರ ಗಾಡಿಯ ಸದ್ದು ಅದಕ್ಕೆ ತಾಯಿಯ ಸದ್ದಿನಂತೆ.

ಅವರ ಮಾತಿನಲ್ಲಿ ಅನುಭವದ ಜ್ಞಾನವಿದೆ. ಮನುಷ್ಯ ತನಗಾಗಿ ಗಾಡಿ ನಿಲ್ಲಿಸುವುದಿಲ್ಲ. “ಇನ್ನೊಂದು ಐವತ್ತು ಕಿಲೋಮೀಟರ್” ಎಂದು ಕಣ್ಣುಜ್ಜಿಕೊಂಡು ಓಡಿಸುತ್ತಾನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿ ಹಾಕಿತ್ತು. ಅದು ಪುಸ್ತಕದಲ್ಲಿ ಉಳಿದ ಮಾತು ಎಂಬುದು ಹೆದ್ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಆದರೆ ನಾಯಿ ಮೂರು ನಾಲ್ಕು ಗಂಟೆಗೊಮ್ಮೆ ಕುಂಯ್‌ಗುಟ್ಟಿದರೆ ನಿಲ್ಲಿಸಲೇಬೇಕು. ಕಾಯ್ದೆ ಮಾಡಲಾಗದ್ದನ್ನು ನಾಯಿಮರಿ ಮಾಡಿಸುತ್ತದೆ!

ಅಮೆರಿಕದಲ್ಲಿ ಇದು ಬಳಕೆಯ ಮಾತು. ವಾರಗಟ್ಟಲೆ ಹೊರಗಿರುವ ಅಲ್ಲಿನ ಚಾಲಕರು ನಾಯಿ, ಬೆಕ್ಕುಗಳನ್ನು ಜೊತೆಗೆ ಒಯ್ಯುತ್ತಾರೆ. ಎಷ್ಟೋ ಸಾರಿಗೆ ಕಂಪನಿಗಳು ಠೇವಣಿ ಇಟ್ಟುಕೊಂಡು, ಪ್ರಾಣಿಯ ತೂಕಕ್ಕೆ ಮಿತಿ ಹಾಕಿ ಅನುಮತಿ ಕೊಡುತ್ತವೆ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ಸಾಕಿದ ಪ್ರಾಣಿಯನ್ನು ಬಿಟ್ಟು ಬರಲಾರೆವೆಂದು ಎಷ್ಟೋ ಜನ ಮುಳುಗುವ ಮನೆಯಲ್ಲೇ ಉಳಿದರು. ಆ ದುರಂತದ ನಂತರ ಅಲ್ಲಿನ ಲಾರಿ ಚಾಲಕರು ‘ಆಪರೇಷನ್ ರೋಜರ್’ ಎಂಬ ಸೇವೆ ಆರಂಭಿಸಿದರು. ಅನಾಥ ಪ್ರಾಣಿಗಳನ್ನು ತಮ್ಮ ಗಾಡಿಯಲ್ಲೇ ಹೊಸ ಮನೆಗಳಿಗೆ ಉಚಿತವಾಗಿ ಮುಟ್ಟಿಸುವ ಸೇವೆ ಅದು. 2006ರಲ್ಲಿ ಕಾನೂನೂ ಬಂತು: ವಿಪತ್ತಿನಲ್ಲಿ ಜನರನ್ನು ಸಾಗಿಸುವ ಯೋಜನೆಯಲ್ಲಿ ಅವರ ಸಾಕುಪ್ರಾಣಿಗಳಿಗೂ ಜಾಗ ಇರಬೇಕು ಎಂದು.

ಜತ್ತದ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮಹಾರಾಷ್ಟ್ರದಲ್ಲಿ 2013ರಲ್ಲಿ, ಮತ್ತೆ 2019ರಲ್ಲಿ ಬರ ಬಿದ್ದಾಗ ಸರ್ಕಾರ ‘ಚಾರಾ ಛಾವಣಿ’ಗಳನ್ನು ತೆರೆಯಿತು. ಛಾವಣಿ ತೆರೆದದ್ದು ದನಗಳಿಗೆ. ಆದರೆ ದನಗಳ ಜೊತೆ ಮನೆಯವರೂ ಬಂದು, ತಾಡಪತ್ರಿಯ ನೆರಳಲ್ಲಿ ತಿಂಗಳುಗಟ್ಟಲೆ ಕಳೆದರು. ದನ ಬಿಟ್ಟು ಹೋಗಲಾರೆ ಎನ್ನುವ ಮನಸ್ಸು ನ್ಯೂ ಆರ್ಲಿಯನ್ಸಿನಲ್ಲೂ ಒಂದೇ, ಜತ್ತದಲ್ಲೂ ಒಂದೇ.

ಆದರೆ ಆತ್ಮೀಯರೇ, ಬೇಸರ ಕಳೆಯಲು ಪ್ರಾಣಿ ಹತ್ತಿಸಿಕೊಳ್ಳುವುದು ಸುಲಭ, ಕೊನೆಯವರೆಗೆ ಸಾಕುವುದು ಕಷ್ಟ. ಅದು ರೇಡಿಯೋ ಅಲ್ಲ, ಬೇಡವೆಂದಾಗ ಆರಿಸಿಡಲು. ನಿಮ್ಮ ಮನೆಯಲ್ಲಿ ಯಾರಾದರೂ ಚಾಲಕರಿದ್ದರೆ ಈ ಕೆಲವು ಮಾತು ಅವರಿಗೆ ಓದಿ ಹೇಳಿ.

ಮೊದಲನೆಯದು ಬಿಸಿಲು. ಹೊರಗೆ 24 ಡಿಗ್ರಿ ಇರುವಾಗಲೇ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಹತ್ತು ನಿಮಿಷಕ್ಕೆ ಸುಮಾರು 34, ಅರ್ಧ ಗಂಟೆಗೆ ಸುಮಾರು 43 ಡಿಗ್ರಿ ಆಗುತ್ತದೆ. ಲಾರಿಯ ಕ್ಯಾಬಿನ್ನಿಗೂ ಈ ಎಚ್ಚರ ಬೇಕು. ನಮ್ಮ ಸೀಮೆಯ ಏಪ್ರಿಲ್ ತಿಂಗಳನ್ನು ನೀವೇ ಊಹಿಸಿಕೊಳ್ಳಿ. ನಾಯಿಗೆ ನಮ್ಮಂತೆ ಮೈತುಂಬ ಬೆವರುವ ಅನುಕೂಲವಿಲ್ಲ. ನಾಲಿಗೆ ಚಾಚಿ ತೇಕುತ್ತಲೇ ಮೈ ತಣ್ಣಗೆ ಮಾಡಿಕೊಳ್ಳಬೇಕು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ, ಸಂತೋಷ. ಆದರೆ ಇಂಜಿನ್ ಬಂದ್ ಮಾಡಿ ಊಟಕ್ಕೆ ಹೋದಾಗ ಆ ತಂಪು ಉಳಿಯುವುದಿಲ್ಲ. ಇಳಿಯುವಾಗ ಪ್ರಾಣಿಯನ್ನೂ ಇಳಿಸಿ, ನೆರಳಲ್ಲಿ ಕಟ್ಟಿ, ನೀರಿಡಿ.

ಎರಡನೆಯದು ಅದು ಕೂರುವ ಜಾಗ. ಗಾಡಿ ಓಡುವಾಗ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಪ್ರೀತಿಯಲ್ಲ, ಅಪಾಯ. ಮರಿ ಜಾರಿ ಬ್ರೇಕಿನ ಅಡಿ ಸಿಕ್ಕಿಕೊಂಡರೆ ಎರಡೂ ಜೀವಕ್ಕೆ, ಎದುರಿಗೆ ಬರುವವರ ಜೀವಕ್ಕೂ ಕುತ್ತು. ಸೀಟಿನ ಹಿಂದೆ ಮಲಗುವ ಜಾಗದಲ್ಲಿ ಹಗ್ಗ ಕಟ್ಟಿ ಕೂರಿಸಿ.

ಮೂರನೆಯದು ಚುಚ್ಚುಮದ್ದು. ಮೂರು ತಿಂಗಳ ಮರಿಗೆ ರೇಬಿಸ್ ಲಸಿಕೆ ಹಾಕಿಸಿ, ನಂತರ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಹತ್ತಾರು ಊರಿನ ಬೀದಿನಾಯಿಗಳ ನಡುವೆ ಇಳಿದು ಓಡಾಡುವ ಪ್ರಾಣಿ ಅದು. ಯಾರಿಗಾದರೂ ಕಚ್ಚಿದರೆ ಗಾಯಕ್ಕೆ ಸುಣ್ಣ, ಖಾರ ಮೆತ್ತುತ್ತ ಕೂರದೆ, ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಔಷಧವಿಲ್ಲ.

ನಾಲ್ಕನೆಯದು, ಸಿಕ್ಕಿದ್ದೆಲ್ಲ ಸಾಕುವ ಪ್ರಾಣಿಯಲ್ಲ. ಕ್ಯಾಬಿನ್ನಿನಲ್ಲಿ ಗಿಳಿಯ ಪಂಜರ ತೂಗುಹಾಕುವ ಆಸೆ ಕೆಲವರಿಗೆ. ನಮ್ಮ ನಾಡಿನ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು: ದಾರಿಯಲ್ಲಿ ಬಿಟ್ಟು ಹೋಗಬೇಡಿ. ಮರಿಯಾಗಿದ್ದಾಗ ಮುದ್ದು, ಬೆಳೆದ ಮೇಲೆ ಭಾರ ಎಂದು ಯಾವುದೋ ಢಾಬಾದ ಮುಂದೆ ಇಳಿಸಿ ಹೋದರೆ ಅದು ಅಲ್ಲಿಂದ ಹೋಗುವ ಪ್ರತಿ ಲಾರಿಯ ಹಿಂದೆ ಓಡುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ತಪ್ಪು. ಕಾಯ್ದೆಗಿಂತ ಮೊದಲು ಅದು ನಂಬಿಕೆದ್ರೋಹ.

ಇನ್ನು ಮನೆಯ ಮಾತಿಗೆ ಬರೋಣ. ಆ ಚಾಲಕರು ತಮ್ಮ ನಾಯಿಯ ಕಥೆ ಹೇಳುವಾಗ ಅವರ ಹೆಂಡತಿ ಪಕ್ಕದಲ್ಲೇ ಇದ್ದರು. ಕೇಳುವಷ್ಟು ಕೇಳಿ ಒಂದೇ ಮಾತು ಹೇಳಿದರು: “ನಾಯಿ ಜೋಡಿ ಹುಬ್ಬಳ್ಳಿತನಕಾ ಮಾತಾಡ್ತಾರ್ರಿ. ಮನಿಗೆ ಬಂದ್ರ ನನ್ನ ಜೋಡಿ ನಾಕ ಮಾತಿಲ್ಲ.” ಯಾರೂ ನಗಲಿಲ್ಲ. ನಗುವ ಮಾತೂ ಅಲ್ಲ.

ಇಬ್ಬರ ಕಡೆಯೂ ನ್ಯಾಯವಿದೆ. ಗಂಡನಿಗೆ ಮನೆಯಿಂದ ಬರುವ ಫೋನ್ ಎಂದರೆ ಕಂತು, ಶಾಲೆಯ ಫೀ, ಬೋರ್‌ವೆಲ್ ಬತ್ತಿದ ಸುದ್ದಿ. ನಾಯಿ ಇದಾವುದನ್ನೂ ಕೇಳುವುದಿಲ್ಲ. “ಎಷ್ಟು ಉಳಿಸಿ ತಂದೆ?” ಎನ್ನುವುದಿಲ್ಲ. ಬಂದನಲ್ಲ ಎಂಬುದೇ ಅದಕ್ಕೆ ಹಬ್ಬ. ಆದರೆ ಹೆಂಡತಿಯ ಕಡೆಯಿಂದಲೂ ನೋಡಿ. ಅವಳ ಪಕ್ಕದ ಸೀಟೂ ಖಾಲಿಯೇ. ಹೊಲ, ಎಮ್ಮೆ, ಅತ್ತೆಯ ಔಷಧ, ಮಕ್ಕಳ ಪರೀಕ್ಷೆ, ನೀರಿನ ಟ್ಯಾಂಕರಿನ ಸರತಿ, ಎಲ್ಲದಕ್ಕೂ ಅವಳೊಬ್ಬಳೇ. ಅವಳು ಕಂತಿನ ಮಾತು ಆಡದಿದ್ದರೆ ಇನ್ನಾರು ಆಡಬೇಕು?

ನಮ್ಮ ಬೈಬಲಿನ ತೋಬಿತನ ಗ್ರಂಥದಲ್ಲಿ ಇಂಥದೇ ಒಂದು ಪಯಣವಿದೆ. ಕಣ್ಣು ಕಳೆದುಕೊಂಡ ತಂದೆ ದೂರದ ಊರಿನಲ್ಲಿ ಇಟ್ಟ ಹಣವನ್ನು ತರಲು ಮಗ ತೋಬಿಯನನ್ನು ಕಳುಹಿಸುತ್ತಾನೆ. ದುಡ್ಡಿಗಾಗಿಯೇ ಹೊರಟ ದೂರದ ದಾರಿ, ನಮ್ಮ ಚಾಲಕರದ್ದರಂತೆ. ಜೊತೆಗೆ ಮನುಷ್ಯವೇಷದ ದೇವದೂತ ರಫಾಯೇಲ್, ಹಿಂದೆ ಒಂದು ನಾಯಿ. ಆ ನಾಯಿ ಯಾವ ಪವಾಡವನ್ನೂ ಮಾಡುವುದಿಲ್ಲ, ಹೋಗುವಾಗ ಹೋಗುತ್ತದೆ, ಬರುವಾಗ ಬರುತ್ತದೆ. ಸಂತ ಜೆರೋಮರ ಲತೀನ್ ಅನುವಾದದಲ್ಲಿ ಮಾತ್ರ ಒಂದು ಸಣ್ಣ ವಿವರ ಹೆಚ್ಚಾಗಿ ಸಿಗುತ್ತದೆ: ಮನೆ ಹತ್ತಿರವಾದಾಗ ನಾಯಿ ಮುಂದೋಡಿ, ಬಾಲ ಅಲ್ಲಾಡಿಸುತ್ತಾ ಸಂತೋಷ ತೋರಿಸುತ್ತದೆ. ದಾರಿಯುದ್ದಕ್ಕೂ ಜೊತೆಗಿದ್ದ ಪ್ರಾಣಿ ಕೊನೆಗೆ ಮಾಡುವ ಕೆಲಸ, ಯಜಮಾನನನ್ನು ಅವನ ಮನೆಗೆ ಮುಟ್ಟಿಸುವುದು.

ಚಾಲಕ ಸಹೋದರರೇ, ನಿಮ್ಮ ನಾಯಿಯೂ ನಿಮ್ಮನ್ನು ಮನೆಗೆ ಮುಟ್ಟಿಸಲಿ. ಮನೆಯ ಬದಲು ನಿಲ್ಲದಿರಲಿ. ಅದರೊಡನೆ ಆಡುವ ಮಾತಿನಲ್ಲಿ ಕಾಲು ಭಾಗವನ್ನು ಮನೆಯವರಿಗಾಗಿ ಉಳಿಸಿ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಫೋನ್ ಮಾಡಿ, ಇವತ್ತು ಯಾವ ಘಾಟ್ ಇಳಿದೆ, ಎಲ್ಲಿ ಮಳೆ ಸಿಕ್ಕಿತು, ನಾಯಿ ಯಾರಿಗೆ ಬೊಗಳಿತು ಎಂದು ಹೇಳಿ. ಮಕ್ಕಳಿಗೆ ಅಪ್ಪನ ಸಂಬಳಕ್ಕಿಂತ ಆ ಕಥೆ ಹೆಚ್ಚು ದಿನ ನೆನಪಿರುತ್ತದೆ.

ತಾಯಂದಿರೇ, ಫೋನ್ ಬಂದ ಮೊದಲ ಐದು ನಿಮಿಷ ಲೆಕ್ಕದ ಮಾತು ಬೇಡ. “ಉಂಡ್ರೀ? ನಿದ್ದಿ ಆತ್ರೀ?” ಇಷ್ಟು ಸಾಕು. ಕಂತಿನ ಮಾತು ಆರನೆಯ ನಿಮಿಷಕ್ಕೆ ಬಂದರೂ ಬ್ಯಾಂಕು ಎಲ್ಲಿಗೂ ಓಡಿಹೋಗುವುದಿಲ್ಲ. ಅವರು ಬಾಗಿಲಿಗೆ ಬಂದ ದಿನ ಮಕ್ಕಳು ಟಿವಿ, ಮೊಬೈಲ್ ಬದಿಗಿಟ್ಟು ಎದ್ದು ಬರಲಿ. ಜೊತೆಗೆ ಕ್ಯಾಬಿನ್ನಿನಿಂದ ನಾಯಿಯೂ ಜಿಗಿದರೆ ಅದಕ್ಕೂ ಒಂದು ತಟ್ಟೆ ನೀರಿಡಿ. ಮನೆಯವರು ಯಾರೂ ಇಲ್ಲದ ದಾರಿಯಲ್ಲಿ ಅವರ ಪಕ್ಕ ಕೂತು ಬಂದದ್ದು ಅದು.