ಮಾಲೀಕರ ಪಾಠ ಯಾರನ್ನು ಕಾಯಲಿಕ್ಕೆ?



ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರು ಒಂದು ಸುದ್ದಿ ತಂದಿದ್ದಾರೆ. ಕಂಪನಿಯೋರು 'ಡೈವರ್ಸಿಟಿ ಟ್ರೈನಿಂಗ್' ಕೊಡ್ತಾರಂತೆ. ಬಣ್ಣ ನೋಡಬೇಡಿ, ಗಂಡು ಹೆಣ್ಣು ಅಂತ ಭೇದ ಮಾಡಬೇಡಿ ಅಂತ ಪಾಠ ಹೇಳಿ ಸರ್ಟಿಫಿಕೇಟು ಹಂಚ್ತಾರಂತೆ. ಮಾಲೀಕರ ಮನಸ್ಸೇ ಬದಲಾಯಿತು ಅಂತ ಕೆಲವರು ಹಿಗ್ಗುತ್ತಿದ್ದಾರೆ. ಹಿಗ್ಗುವ ಮುಂಚೆ ಈ ಪಾಠ ಹುಟ್ಟಿದ ಊರು ಯಾವುದು ವಿಚಾರಿಸೋಣ.

ಇದು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿನ ಕಪ್ಪು ಜನ ಬೀದಿಗಿಳಿದು, ಪೊಲೀಸರ ನಾಯಿಗಳಿಂದ ಕಚ್ಚಿಸಿಕೊಂಡು, ಜೈಲು ತುಂಬಿ, 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಪಡೆದರು. ಕೆಲಸದಲ್ಲಿ ಭೇದ ಮಾಡಿದ ಮಾಲೀಕನನ್ನು ಕೋರ್ಟಿಗೆ ಎಳೆಯುವ ದಾರಿ ತೆರೆಯಿತು. ಟೆಕ್ಸಾಕೋ ಎಂಬ ಎಣ್ಣೆ ಕಂಪನಿ ತನ್ನ ಕಪ್ಪು ನೌಕರರು ಹೂಡಿದ ದಾವೆಯಲ್ಲಿ 1996ರಲ್ಲಿ ಸುಮಾರು 17.6 ಕೋಟಿ ಡಾಲರಿನ ರಾಜಿಗೆ ಬಗ್ಗಬೇಕಾಯಿತು. 1998ರಲ್ಲಿ, ಹೆಣ್ಣುಮಕ್ಕಳಿಗೆ ಕೊಟ್ಟ ಕಿರುಕುಳದ ಎರಡು ಮೊಕದ್ದಮೆಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಅಂತ ತೋರಿಸಿದ ಕಂಪನಿ ಕೆಲವು ಸಂದರ್ಭಗಳಲ್ಲಿ ಹೊಣೆಯಿಂದ ಪಾರಾಗಬಹುದು ಅಂದಿತು. ವಕೀಲರ ಕಿವಿ ನೆಟ್ಟಗಾಯಿತು. ಪಾಠ ನಡೆಸಿದ ರಿಜಿಸ್ಟರಿಗೆ ಬೆಲೆ ಬಂತು. ಹಾಜರಿಗೆ ನೀವು ಹಾಕುವ ಸಹಿ ನಾಳೆ ಮಾಲೀಕನ ಪರ ಸಾಕ್ಷಿ.

ಪಾಠದ ಫಲವೇನು? ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಾಲೆವ್ ಎಂಬ ಸಮಾಜಶಾಸ್ತ್ರಜ್ಞರು 800ಕ್ಕೂ ಹೆಚ್ಚು ಕಂಪನಿಗಳ ಲೆಕ್ಕ ತೆಗೆದು 2016ರಲ್ಲಿ ಬರೆದರು: ಮ್ಯಾನೇಜರುಗಳಿಗೆ ಕಡ್ಡಾಯ ಪಾಠ ಶುರುವಾಗಿ ಐದು ವರ್ಷವಾದ ಮೇಲೆ ಮ್ಯಾನೇಜರ್ ಹುದ್ದೆಗಳಲ್ಲಿ ಕಪ್ಪು ಹೆಂಗಸರ ಪಾಲು ಸರಾಸರಿ ಶೇ. 9ರಷ್ಟು ಇಳಿದಿತ್ತು. ಇಳಿದಿತ್ತು ಸ್ವಾಮಿ, ಏರಿರಲಿಲ್ಲ.

ಇಂಥ ಕಂಪನಿಗಳಿಗೆ ನಮ್ಮೋರು ಹೋದರು, ಅಗ್ರಹಾರವೂ ಹೋಯಿತು. 2022ರ ಏಪ್ರಿಲ್‌ನಲ್ಲಿ, ಬಾಬಾಸಾಹೇಬರು ಹುಟ್ಟಿದ ತಿಂಗಳಲ್ಲೇ, ಅಮೆರಿಕದ ಗೂಗಲ್ ಕಂಪನಿಯಲ್ಲಿ ದಲಿತ ಹೋರಾಟಗಾರ್ತಿ ತೇನ್ಮೊಳಿ ಸೌಂದರರಾಜನ್ ಜಾತಿ ಬಗ್ಗೆ ಮಾತಾಡಬೇಕಿತ್ತು. ಆಕೆ ಹಿಂದೂ ವಿರೋಧಿ ಅಂತ ಕೆಲವು ನೌಕರರು ದೂರು ಬರೆದರು. ಭಾಷಣ ರದ್ದು. ಏರ್ಪಡಿಸಿದ್ದ ತನುಜಾ ಗುಪ್ತ ಕೆಲಸ ಬಿಟ್ಟು ಹೊರನಡೆದರು. ಜಾತಿ ಭೇದಕ್ಕೆ ನಮ್ಮಲ್ಲಿ ಜಾಗವಿಲ್ಲ, ಆದರೆ ಈ ಭಾಷಣ ಒಡಕು ತರುತ್ತಿತ್ತು ಅಂತ ಕಂಪನಿಯ ಸಮಜಾಯಿಷಿ. ಈ ಮಾತು ಎಲ್ಲೋ ಕೇಳಿದಂಗಿಲ್ವಾ? ಗುಡಿ ಬಾಗಿಲು ತೆಗೀರಿ ಅಂದಾಗ ಊರ ಪಟೇಲ ಹೇಳೋದೂ ಇದನ್ನೇ: "ಊರು ಒಡೀಬ್ಯಾಡ್ರಪ್ಪಾ."

ಮಾಲೀಕ ಕೊಟ್ಟಿದ್ದನ್ನು ಮಾಲೀಕನೇ ಕಿತ್ಕೋತಾನೆ. 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ಗದ್ದುಗೆ ಏರುವ ಹೊತ್ತಿಗೆ ಮೆಟಾ ಕಂಪನಿ ಡೈವರ್ಸಿಟಿ ಅಂಗಡಿಯನ್ನು ತಾನಾಗಿಯೇ ಮುಚ್ಚಿತು.

ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಪರಿಶಿಷ್ಟರ ಮೀಸಲಾತಿ ಇನ್ನೂ ಅನ್ವಯಿಸುವುದಿಲ್ಲ. 2006ರಲ್ಲಿ ಆ ಮಾತೆದ್ದಾಗ ಉದ್ಯಮಿಗಳ ಸಂಘಗಳು ಕಾನೂನು ಬೇಡ, ಸ್ವಇಚ್ಛೆಯಿಂದಲೇ ಮಾಡ್ತೀವಿ ಅಂದವು. ಹಾಗಾದರೆ ಲೆಕ್ಕ ಕೊಡಿ. ನಿಮ್ಮ ಮ್ಯಾನೇಜರುಗಳಲ್ಲಿ ಹೊಲೆಯರೆಷ್ಟು, ಮಾದಿಗರೆಷ್ಟು? ಪಾಠ ಮುಗಿದ ಮೇಲೆ ಆ ಹಾಲಿನ ಕಸ ಗುಡಿಸಿ, ಕಕ್ಕಸು ತೊಳೆಯುವ ಕಂಟ್ರಾಕ್ಟು ಹೆಂಗಸರು ಯಾವ ಕೇರಿಯಿಂದ ಬರ್ತಾರೆ? ಅವರಿಗೊಂದು ಕುರ್ಚಿ ಹಾಕಿದ್ದಿರಾ?